ಹೃದಯದ ಮಿಂಚನ್ನು ಬರೆಸಿದ ಐಂಥೋವನ್

ಮನೆಯ ಹಿರಿಯರನ್ನು ಇಸಿಜಿಗೆ ಕರೆದುಕೊಂಡು ಹೋದಾಗ ನೀವು ನೋಡಿರಬಹುದು. ನರ್ಸ್ ಎದೆಗೆ ತಣ್ಣನೆಯ ಜೆಲ್ ಹಚ್ಚಿ ತಂತಿಗಳನ್ನು ಅಂಟಿಸುತ್ತಾರೆ. ಈ ಜೆಲ್ ಯಾಕೆ ಎಂದು ಯಾವತ್ತಾದರೂ ಕೇಳಿದ್ದೀರಾ? ಅದಕ್ಕೆ ಉತ್ತರ ವಿಲೆಮ್ ಐಂಥೋವನ್ ಎಂಬ ವಿಜ್ಞಾನಿಯ ಬದುಕಿನಲ್ಲಿದೆ.

ಐಂಥೋವನ್ ಹುಟ್ಟಿದ್ದು 1860ರ ಮೇ 21ರಂದು, ಇಂದಿನ ಇಂಡೋನೇಷ್ಯಾದ ಜಾವಾ ದ್ವೀಪದ ಸೆಮರಾಂಗ್‌ನಲ್ಲಿ. ಆಗ ಅದು ಡಚ್ಚರ ಆಳ್ವಿಕೆಯಲ್ಲಿತ್ತು. ವೈದ್ಯರಾಗಿದ್ದ ತಂದೆ ಮಗನ ಬಾಲ್ಯದಲ್ಲೇ ತೀರಿಕೊಂಡರು. ತಾಯಿ ಆರು ಮಕ್ಕಳನ್ನು ಕಟ್ಟಿಕೊಂಡು 1870ರಲ್ಲಿ ಹಾಲೆಂಡಿನ ಉಟ್ರೆಕ್ಟ್‌ಗೆ ಬಂದು ನೆಲೆಸಿದರು. ಮುಂದೆ ಸೇನೆಯ ವೈದ್ಯನಾಗುತ್ತೇನೆ ಎಂಬ ಕರಾರಿನ ಮೇಲೆ ಸಿಕ್ಕ ಸಹಾಯಧನದಲ್ಲಿ ಹುಡುಗ ವೈದ್ಯಕೀಯ ಓದಿದ. ಓದಿನ ಹುಳುವೇನೂ ಅಲ್ಲ, ವ್ಯಾಯಾಮದ ಹುಚ್ಚು. ಒಮ್ಮೆ ಬಿದ್ದು ಕೈ ಮುರಿದುಕೊಂಡ, ಆಗ ಮೊಣಕೈ ಕೀಲು ಹೇಗೆ ತಿರುಗುತ್ತದೆ ಎಂದು ಯೋಚಿಸಿ ಒಂದು ಪ್ರಬಂಧವನ್ನೇ ಬರೆದ! 1886ರಲ್ಲಿ, ಇನ್ನೂ ಇಪ್ಪತ್ತೈದರ ಪ್ರಾಯದಲ್ಲೇ, ಲೈಡನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಸೇನೆಗೆ ಸೇರದ ಕಾರಣ ಆ ಹಣವನ್ನೆಲ್ಲ ಹಿಂತಿರುಗಿಸಬೇಕಾಯಿತು.

ಹೃದಯ ಬಡಿಯುವಾಗ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1887ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರ್ ಅದನ್ನು ಮನುಷ್ಯನ ಚರ್ಮದ ಮೇಲಿನಿಂದಲೇ ದಾಖಲಿಸಿದ್ದರು. ಆದರೆ ಅವರ ಪಾದರಸದ ಉಪಕರಣ ಬಹಳ ನಿಧಾನ. ನಿಜವಾದ ಅಲೆ ತಿಳಿಯಲು ಲೆಕ್ಕ ಹಾಕಿ ತಿದ್ದಬೇಕಿತ್ತು. ವರ್ಷಗಟ್ಟಲೆ ಆ ಲೆಕ್ಕ ಮಾಡಿದ ಐಂಥೋವನ್ ಕೊನೆಗೆ ಹೊಸ ಉಪಕರಣವನ್ನೇ ಕಟ್ಟಿದರು. ಬಲವಾದ ವಿದ್ಯುತ್ಕಾಂತದ ನಡುವೆ ಬೆಳ್ಳಿ ಲೇಪಿಸಿದ, ಕೂದಲಿಗಿಂತಲೂ ತೆಳುವಾದ ಸ್ಫಟಿಕದ ಒಂದು ಎಳೆ. ಹೃದಯದ ವಿದ್ಯುತ್ ಹರಿದಾಗ ಎಳೆ ಅಲುಗುತ್ತದೆ, ಅದರ ನೆರಳು ಚಲಿಸುವ ಫೋಟೋ ಫಲಕದ ಮೇಲೆ ಬೀಳುತ್ತದೆ. ಯಂತ್ರದ ತೂಕ ಸುಮಾರು 270 ಕಿಲೋ, ನಡೆಸಲು ಐದು ಜನ! ಇಂದು ಅದೇ ಕೆಲಸ ಕೈಗಡಿಯಾರದಲ್ಲಿ ಆಗುತ್ತದೆ.

ಈಗ ಜೆಲ್‌ನ ವಿಷಯಕ್ಕೆ ಬರೋಣ. ತಂತಿಯಲ್ಲಿ ವಿದ್ಯುತ್ತನ್ನು ಹೊರುವುದು ಎಲೆಕ್ಟ್ರಾನ್‌ಗಳು, ನಮ್ಮ ದೇಹದಲ್ಲಿ ಉಪ್ಪಿನ ಅಯಾನುಗಳು. ಮಧ್ಯೆ ಒಣ ಚರ್ಮ ಗೋಡೆಯಂತೆ ನಿಂತಿದೆ. ಆದ್ದರಿಂದ ಐಂಥೋವನ್ ರೋಗಿಯ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಮುಳುಗಿಸಿ ಕೂರಿಸುತ್ತಿದ್ದರು. ಇಂದಿನ ಜೆಲ್ ಆ ಉಪ್ಪುನೀರಿನ ಮೊಮ್ಮಗನೇ ಸರಿ. ಅದರ ಹಿಂದಿರುವ ಬೆಳ್ಳಿ ಮತ್ತು ಸಿಲ್ವರ್ ಕ್ಲೋರೈಡ್ ಪದರ ಅಯಾನಿನ ಸಂದೇಶವನ್ನು ಎಲೆಕ್ಟ್ರಾನಿಗೆ ದಾಟಿಸುತ್ತದೆ. ಹೃದಯಕ್ಕೆ, ಮೆದುಳಿಗೆ ಸೆನ್ಸರ್ ಜೋಡಿಸುವ ಇಂದಿನ ಇಂಜಿನಿಯರುಗಳೂ ಈ ಗಡಿಯಲ್ಲೇ ತಿಣುಕುತ್ತಿದ್ದಾರೆ. ಇಂಜಿನಿಯರಿಂಗ್ ಓದುತ್ತಿರುವವರು ಗಮನಿಸಿ, ಇಲ್ಲಿ ಕೆಲಸ ಇನ್ನೂ ಬಹಳ ಬಾಕಿಯಿದೆ.

ಆ ಭಾರದ ಯಂತ್ರವನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ. ರೋಗಿಗಳನ್ನು ತರುವುದೂ ಕಷ್ಟ. 1905ರಲ್ಲಿ ಅವರು ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯ ಮೂಲಕ ಹೃದಯದ ಅಲೆಗಳನ್ನು ಪ್ರಯೋಗಾಲಯಕ್ಕೆ ತರಿಸಿದರು. ಆ ಅಲೆಗಳಿಗೆ ಅವರಿಟ್ಟ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳನ್ನೇ ವೈದ್ಯರು ಈಗಲೂ ಬಳಸುತ್ತಾರೆ.

1924ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಯಂತ್ರ ಕಟ್ಟಲು ಜೊತೆಗಿದ್ದ ಸಹಾಯಕ ಅಷ್ಟರಲ್ಲಿ ತೀರಿಹೋಗಿದ್ದರು. ಐಂಥೋವನ್ ಆ ಸಹಾಯಕನ ಬಡ ಸಹೋದರಿಯರನ್ನು ಹುಡುಕಿ ಬಹುಮಾನದ ಅರ್ಧ ಹಣವನ್ನು ಕೊಟ್ಟರೆಂದು ಹೇಳುತ್ತಾರೆ. ಮೂರು ವರ್ಷಗಳ ನಂತರ, 1927ರ ಸೆಪ್ಟೆಂಬರ್ 29ರಂದು, ಅವರು ಲೈಡನ್‌ನಲ್ಲೇ ನಿಧನರಾದರು.