ಕಬ್ಬಿಣಕ್ಕೆ ನೇರ ಗೆರೆ ಕಲಿಸಿದ ಕಿರ್ಲೋಸ್ಕರ್

ಗೋಕಾಕ, ಮೂಡಲಗಿ, ಹುಕ್ಕೇರಿಯ ವೆಲ್ಡಿಂಗ್ ಅಂಗಡಿಯಲ್ಲಾಗಲಿ, ಮನೆಯಂಗಳದಲ್ಲಾಗಲಿ, ವಾಹನದ ಉಕ್ಕಿನ ಚಾಸಿ ಕಟ್ಟುವವರು ಮೊದಲು ಎರಡು ಕರ್ಣಗಳನ್ನು ಅಳೆಯಬೇಕು. ಅವು ಸಮವಾಗದಿದ್ದರೆ ಚೌಕಟ್ಟು ಸೊಟ್ಟಾಗಿದೆ ಎಂದೇ ಅರ್ಥ. ಅಳತೆಯ ಇಂಥ ಶಿಸ್ತನ್ನೇ ಬದುಕಾಗಿಸಿಕೊಂಡವರು ಇದೇ ಬೆಳಗಾವಿ ಜಿಲ್ಲೆಯ ಲಕ್ಷ್ಮಣರಾವ್ ಕಿರ್ಲೋಸ್ಕರ್.

1869ರ ಜೂನ್ 20ರಂದು ಗುರ್ಲಹೊಸೂರಿನಲ್ಲಿ ಜನಿಸಿದ ಅವರು ಚಿತ್ರಕಲೆ ಕಲಿಯಲು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾಗದ ದೃಷ್ಟಿದೋಷ ಅಡ್ಡಿಯಾಯಿತು. ಕುಂಚ ಬಿಟ್ಟು ಯಾಂತ್ರಿಕ ರೇಖಾಚಿತ್ರದತ್ತ ಹೊರಳಿದರು; ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಬೋಧಿಸಿದರು. ಅರ್ಹ ಬಡ್ತಿ ಕೈತಪ್ಪಿದಾಗ ಕೆಲಸ ತೊರೆದು ಬೆಳಗಾವಿಗೆ ಮರಳಿದರು.

ಅಲ್ಲಿ 1888ರಲ್ಲೇ ಸಹೋದರರ ಸೈಕಲ್ ವ್ಯಾಪಾರ ಆರಂಭವಾಗಿತ್ತು. ಅದರೊಂದಿಗೆ ಸಣ್ಣ ಕಾರ್ಯಾಗಾರವೊಂದು ತಲೆಯೆತ್ತಿತು. ಮೊದಲು ಮೇವು ಕತ್ತರಿಸುವ ಯಂತ್ರ, ಬಳಿಕ ಕಬ್ಬಿಣದ ರಂಟೆ ಸಿದ್ಧವಾದವು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಅಂಜಿದರು. ಮೊದಲ ರಂಟೆ ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ಅಷ್ಟರಲ್ಲಿ ಬೆಳಗಾವಿ ನಗರಸಭೆ ಕಾರ್ಖಾನೆಯ ಜಾಗ ತೆರವುಗೊಳಿಸುವಂತೆ ಸೂಚಿಸಿತು. ಔಂಧ ಸಂಸ್ಥಾನದ ಅರಸರು ಭೂಮಿ, ಸಾಲ ನೀಡಿ ಕರೆದರು. 1910ರಲ್ಲಿ ಈಗಿನ ಸಾಂಗ್ಲಿ ಜಿಲ್ಲೆಯ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ರೂಪುಗೊಂಡಿತು. ಬೆಳಗಾವಿ ಕಳೆದುಕೊಂಡದ್ದು ಒಂದು ಕೈಗಾರಿಕಾ ಪಟ್ಟಣವನ್ನೇ.

ಆದರೂ ಕನ್ನಡನಾಡಿನ ನಂಟು ಕಡಿಯಲಿಲ್ಲ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್, ಲೇತ್ ಯಂತ್ರಗಳನ್ನು ತಯಾರಿಸಿ ಹೆಸರಾಯಿತು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ನಿಧನರಾದರು. ಬಣ್ಣ ಕಾಣದ ಕಣ್ಣು ಗೆರೆಯ ನೇರವನ್ನು ಕಂಡಿತ್ತು. ಕಬ್ಬಿಣದ ಕಸುಬಿಗೆ ಮೊದಲು ಬೇಕಾದದ್ದೂ ಅದೇ.