ಸ್ಪೆಲ್ಲಿಂಗ್ ಬಾರದವನ ಸ್ಕ್ರ್ಯಾಬಲ್

ಕೊಟ್ಟ ಏಳು ಅಕ್ಷರದಲ್ಲಿ ಇಂಗ್ಲಿಷ್ ಪದ ಹುಡುಕೋ ಆಟ ಅಂದ್ರೆ, ಹೊಳೆನರಸೀಪುರದಲ್ಲಿ ಕನ್ನಡ ಮೀಡಿಯಂ ಓದಿ ಹಾಸನದ ಕಾಲೇಜಿಗೆ ಬಂದ ನನಗೆ ನಡುಕ. ಸ್ಪೆಲ್ಲಿಂಗ್ ತಪ್ಪಿದ್ರೆ ಎಲ್ರೂ ನಗೋರು. ಆಮೇಲೆ ಸ್ಕ್ರ್ಯಾಬಲ್ ಆಟ ಕಂಡುಹಿಡಿದ ಆಲ್ಫ್ರೆಡ್ ಬಟ್ಸ್ ಕಥೆ ಓದಿದೆ.

1899ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಬಟ್ಸ್ ವಾಸ್ತುಶಿಲ್ಪಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಹೋಯ್ತು. ಪತ್ರಿಕೆ ಹರಡಿಕೊಂಡು, ಯಾವ ಅಕ್ಷರ ಎಷ್ಟು ಸಲ ಬರುತ್ತೆ ಅಂತ ಕೂತು ಎಣಿಸಿದ. ಅದಕ್ಕೇ ಆಟದಲ್ಲಿ ‘ಇ’ಗೆ 12 ಬಿಲ್ಲೆ, ‘ಕ್ಯೂ’ಗೆ ಒಂದೇ. ಕಂಪನಿಗಳು ಆಟ ಬೇಡ ಅಂದವು. 1948ರಲ್ಲಿ ಜೇಮ್ಸ್ ಬ್ರೂನೊ ಅದಕ್ಕೆ ಈಗಿನ ಹೆಸರಿಟ್ಟು ಮಾರಾಟಕ್ಕಿಳಿದ.

1993ರಲ್ಲಿ ತೀರಿಕೊಂಡ ಬಟ್ಸ್‌ಗೂ ಸ್ಪೆಲ್ಲಿಂಗ್ ಅಷ್ಟಕ್ಕಷ್ಟೇ! ಸ್ಪೆಲ್ಲಿಂಗ್ ನೋಡಿ ಬುದ್ಧಿ ಅಳೆಯೋ ನಮ್ಮ ಇಂಟರ್‌ವ್ಯೂಗಳಲ್ಲಿ ಆತನೂ ಫೇಲಾಗ್ತಿದ್ದ.