ಕಾಶಿಯ ನೀಲಕಂಠ ಶಾಸ್ತ್ರಿ ಗೋರೆ

ಬಸ್ ನಿಲ್ದಾಣದಲ್ಲೋ ಸಂತೆಯಲ್ಲೋ ಒಬ್ಬರು ಕಪ್ಪು ರಟ್ಟಿನ ಪುಸ್ತಕ ಹಿಡಿದು ನಿಂತು, ನಾವೆಲ್ಲ ಪಾಪಿಗಳೆಂದೂ, ನಮ್ಮ ಪಾಪ ತೊಳೆಯಲು ದೇವರ ಮಗ ರಕ್ತ ಸುರಿಸಿದನೆಂದೂ ಹೇಳತೊಡಗಿದರೆ ನಮಗೆಲ್ಲ ಏನಾಗುತ್ತದೆ? ಒಬ್ಬನಿಗೆ ನಗು ಬರುತ್ತದೆ, ಒಬ್ಬನಿಗೆ ಸಿಟ್ಟು. ಇನ್ನೊಬ್ಬ ಏನೂ ಕೇಳಿಸಲಿಲ್ಲ ಅನ್ನೋ ಹಾಗೆ ಬಸ್ಸಿನ ಬೋರ್ಡು ಓದುತ್ತಾನೆ. ಕೈಗೆ ಬಂದ ಕರಪತ್ರದ ಕನ್ನಡವನ್ನು ಹಾಸ್ಟೆಲ್ಲಿಗೆ ತಂದು ಗಟ್ಟಿಯಾಗಿ ಓದಿ ನಗುವ ಚಾಳಿ ನಮ್ಮಲ್ಲಿ ಹಲವರಿಗೆ ಇದ್ದದ್ದೇ. ಆದರೆ ಅದೇ ಪುಸ್ತಕದಲ್ಲಿ, ಶತ್ರುವನ್ನೂ ಪ್ರೀತಿಸಬೇಕೆನ್ನುವ ಪರ್ವತ ಪ್ರಸಂಗದ ಪುಟಗಳು ಕಣ್ಣಿಗೆ ಬಿದ್ದಾಗ ನಗುತ್ತಿದ್ದವನು ಒಂದು ಗಳಿಗೆ ಸುಮ್ಮನಾಗುವುದೂ ಉಂಟು. ಈ ನಗು, ಸಿಟ್ಟು, ಸುಮ್ಮನಾಗುವಿಕೆ ಎಲ್ಲವನ್ನೂ ಒಂದೇ ಜನ್ಮದಲ್ಲಿ ಕೊನೆಯ ತನಕ ಅನುಭವಿಸಿದ ಒಬ್ಬ ಮನುಷ್ಯನ ಕಥೆ ಇದು.

ನೀಲಕಂಠ ಗೋರೆ ಹುಟ್ಟಿದ್ದು 1825ರಲ್ಲಿ, ಝಾನ್ಸಿಯ ಹತ್ತಿರದ ಒಂದು ಹಳ್ಳಿಯಲ್ಲಿ. ಮನೆಮಾತು ಮರಾಠಿ, ಕೊಂಕಣದಿಂದ ಉತ್ತರಕ್ಕೆ ಹೋಗಿ ನೆಲೆಸಿದ ಚಿತ್ಪಾವನ ಬ್ರಾಹ್ಮಣರ ವಂಶ. ಅಜ್ಜ ಬಾಂದಾದ ನವಾಬನ ದರಬಾರಿನಲ್ಲಿ ಮಂತ್ರಿಯಾಗಿದ್ದವರು. ಮುಂದೆ ಕುಟುಂಬ ಕಾಶಿಗೆ ಬಂತು. ಹಣದ ತಾಪತ್ರಯವಿಲ್ಲ, ಸುತ್ತ ಪಂಡಿತರು, ಕಾಲ ಕೆಳಗೆ ಗಂಗೆ. ಹುಡುಗ ವ್ಯಾಕರಣ ಓದಿದ, ನ್ಯಾಯಶಾಸ್ತ್ರ ಓದಿದ. ಮನೆಯವರದು ಶಿವಭಕ್ತಿ, ಇವನು ಗ್ರಂಥಗಳನ್ನು ಓದಿ ವಿಚಾರ ಮಾಡಿ ವಿಷ್ಣುವೇ ಪರದೈವ ಅಂತ ತೀರ್ಮಾನಿಸಿದ. ಇದನ್ನು ನಾವು ಗಮನಿಸಬೇಕು. ಬುದ್ಧಿಗೆ ಒಂದು ಸಂಗತಿ ಸರಿಯೆಂದು ಕಂಡಮೇಲೆ ಬದುಕನ್ನೂ ಅದರ ಹಿಂದೆ ಎಳೆದುಕೊಂಡು ಹೋಗುವ ಸ್ವಭಾವ ಅವನದು. ನಮ್ಮಲ್ಲಿ ಬಹಳ ಜನಕ್ಕೆ ಅದು ಇರುವುದಿಲ್ಲ, ಇಲ್ಲದಿರುವುದರಿಂದಲೇ ನಿದ್ದೆ ಚೆನ್ನಾಗಿ ಬರುತ್ತದೆ.

ಆ ಕಾಲದ ಕಾಶಿಯ ಬೀದಿಗಳಲ್ಲಿ ಮಿಶನರಿಗಳು ಹಿಂದಿಯಲ್ಲಿ ಉಪದೇಶ ಮಾಡುತ್ತಿದ್ದರು. ಬೀದಿಯ ಉಪದೇಶವನ್ನು ಪಂಡಿತರು ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ 1839ರಲ್ಲಿ ಜಾನ್ ಮ್ಯೂರ್ ಎಂಬ ಕಂಪನಿ ಸರಕಾರದ ಅಧಿಕಾರಿ ಒಂದು ಕೆಲಸ ಮಾಡಿದ. ಗುರುಶಿಷ್ಯ ಸಂವಾದದ ರೂಪದಲ್ಲಿ, ಸಂಸ್ಕೃತ ಶ್ಲೋಕಗಳಲ್ಲಿ, ‘ಮತಪರೀಕ್ಷಾ’ ಎಂಬ ಪುಸ್ತಕ ಬರೆದ. ನಿಜವಾದ ಮತ ಯಾವುದೆಂದು ಪರೀಕ್ಷಿಸಿ ನೋಡುತ್ತೇನೆಂದು ಹೊರಟು, ಕ್ರೈಸ್ತಮತವೇ ನಿಜವೆಂದು ಮುಗಿಸುವ ಪುಸ್ತಕ. ಮಿಶನರಿಯ ಹಿಂದಿ ಕೇಳಿ ನಕ್ಕುಬಿಡಬಹುದಿತ್ತು, ಇದು ದೇವಭಾಷೆ. ತಮ್ಮದೇ ಪಾಪ, ಮೋಕ್ಷ, ಈಶ್ವರ ಎಂಬ ಪದಗಳು ಬೇರೆಯವನ ಬಾಯಲ್ಲಿ ಬೇರೆಯದೇ ಅರ್ಥ ಹೇಳುತ್ತಿದ್ದವು. ಮನೆಯ ಪಾತ್ರೆಯಲ್ಲಿ ಹೊರಗಿನವನು ಅಡುಗೆ ಮಾಡಿ ಬಡಿಸಿದ ಹಾಗೆ.

ಅದಕ್ಕೆ ಮೂವರು ಸಂಸ್ಕೃತದಲ್ಲೇ ಉತ್ತರ ಬರೆದರು. ಒಂದೇ ಮಾತು ಮೂರು ಮನಸ್ಸುಗಳಲ್ಲಿ ಹೇಗೆ ಇಳಿಯಿತೆಂದು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕಲಿಕ್ಕಿಲ್ಲ. ಮೊದಲನೆಯವರು ಸೋಮನಾಥ ಎಂಬ ಹೆಸರಿನಲ್ಲಿ ಬರೆದ ಸುಬಾಜಿ ಬಾಪು. ಅವರದು ತಣ್ಣಗಿನ ಧ್ವನಿ. ಅವರವರ ಮತ ಅವರವರಿಗೆ ಹಿತ, ಇದರಲ್ಲಿ ಜಗಳವೇಕೆ ಅನ್ನುವ ಧಾಟಿ. ಎರಡನೆಯವರು ಬಂಗಾಳದ ಹರಚಂದ್ರ ತರ್ಕಪಂಚಾನನ. ಅವರಿಗೆ ಮೈಯೆಲ್ಲ ಉರಿದುಹೋಗಿತ್ತು. ಉತ್ತರದಲ್ಲಿ ಚುಚ್ಚುಮಾತಿಗೆ ಬರವಿಲ್ಲ. ಮೂರನೆಯವನು ನಮ್ಮ ನೀಲಕಂಠ. 1844-45ರಲ್ಲಿ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ‘ಶಾಸ್ತ್ರತತ್ತ್ವವಿನಿರ್ಣಯ’ ಬರೆದ. ಮೂರರಲ್ಲಿ ಗಟ್ಟಿಯಾದದ್ದು ಇದೇ ಎಂದು ನನಗನ್ನಿಸುತ್ತದೆ, ಯಾಕೆಂದರೆ ಇವನು ಉಪೇಕ್ಷೆ ಮಾಡಲೂ ಇಲ್ಲ, ಬರಿಯ ಬೈಗುಳಕ್ಕೆ ಇಳಿಯಲೂ ಇಲ್ಲ. ಆ ಮಾತುಗಳನ್ನು ನಿಜವೆಂದು ಹಿಡಿದರೆ ಏನಾಗುತ್ತದೆಂದು ಯೋಚಿಸಿ ಬೆದರಿದ.

ಅವನ ಆಕ್ಷೇಪ ಸರಳ. ಹಿಂದಿನ ಜನ್ಮವಿಲ್ಲ, ಕರ್ಮವಿಲ್ಲ ಎಂದಾದರೆ ಹುಟ್ಟುಕುರುಡ ಯಾವ ತಪ್ಪಿಗೆ ಕುರುಡ? ಮೂಕಪ್ರಾಣಿಗಳು ಯಾಕೆ ನರಳಬೇಕು? ಇರುವ ಒಂದೇ ಜನ್ಮದ ತಪ್ಪಿಗೆ ಕೊನೆಯೇ ಇಲ್ಲದ ನರಕ ಅನ್ನುವುದು ಯಾವ ನ್ಯಾಯ? ಹೀಗೆ ಆಗುತ್ತದೆಂದು ಮೊದಲೇ ತಿಳಿದೂ ಸೃಷ್ಟಿಸಿದ ದೇವರನ್ನು ದಯಾಮಯ ಎನ್ನುವುದು ಹೇಗೆ? ನಮ್ಮ ಶಾಸ್ತ್ರದ ನರಕಕ್ಕಾದರೂ ಒಂದು ಅವಧಿ ಇದೆ. ಇದಿಷ್ಟು ತರ್ಕ. ಆದರೆ ಅಂತ್ಯವಿಲ್ಲದ ನರಕ ಎಂಬ ಪದ ಆ ಹುಡುಗನ ಎದೆಯೊಳಗೆ ಎಲ್ಲೋ ತಾಗಿತ್ತು. ಬರಿಯ ತರ್ಕದ ವಿಷಯವಾಗಿದ್ದರೆ ಬರೆದು ಮುಗಿಸಿ ಮರೆಯಬಹುದಿತ್ತು.

ಮರೆಯಲಿಲ್ಲ. ಕಾಶಿಯ ಚರ್ಚ್ ಮಿಶನರಿ ಸೊಸೈಟಿಯ ವಿಲಿಯಂ ಸ್ಮಿತ್ ಎಂಬ ಪಾದ್ರಿಯನ್ನು ವಾದದಲ್ಲಿ ಬಾಯಿ ಮುಚ್ಚಿಸಬೇಕೆಂದು ಹುಡುಕಿಕೊಂಡು ಹೋದ. ಸ್ಮಿತ್ ದೊಡ್ಡ ವಾಗ್ಮಿಯಲ್ಲ, ಸಾಧು ಮನುಷ್ಯ. ವಾದಕ್ಕೆ ಸರಿಸಾಟಿಯಾಗಿ ನಿಂತಿದ್ದರೆ ನೀಲಕಂಠ ಗೆದ್ದು ಮನೆಗೆ ಹೋಗುತ್ತಿದ್ದನೋ ಏನೋ. ಆತ ಓದಲು ಪುಸ್ತಕ ಕೊಟ್ಟು ಕಳಿಸಿದ. ಖಂಡಿಸಲೆಂದು ಓದತೊಡಗಿದವನು ಪರ್ವತ ಪ್ರಸಂಗದ ಹತ್ತಿರ ಬಂದು ನಿಂತುಬಿಟ್ಟ. ಅಲ್ಲಿ ತರ್ಕವಿಲ್ಲ, ಹಾಗಾಗಿ ಖಂಡಿಸುವುದಕ್ಕೆ ಹಿಡಿಯೂ ಇಲ್ಲ. ಕ್ಷಮೆ, ನಮ್ರತೆ, ನಾಳಿನ ಚಿಂತೆ ಬಿಡುವುದು. ಇವನ್ನೆಲ್ಲ ವೈಷ್ಣವ ಹುಡುಗ ಭಾಗವತದ ದಾರಿಯಲ್ಲಿ ಎಂದೋ ಕೇಳಿದ್ದನಷ್ಟೆ. ಪರಕೀಯ ಅಂತ ದೂರ ಇಟ್ಟ ಭಾಷೆಯೊಳಗೆ ತನ್ನದೇ ದನಿ ಕೇಳಿಸಿದಾಗ ಸಿಟ್ಟಿಗಿಂತ ಹೆಚ್ಚಾಗಿ ಗಾಬರಿಯಾಗುತ್ತದೆ.

1848ರ ಮಾರ್ಚ್ 14ರಂದು ದೀಕ್ಷಾಸ್ನಾನವಾಯಿತು. ಕಾಶಿಯಲ್ಲಿ ಅಲ್ಲ, ಅಲ್ಲಿ ಗಲಭೆಯಾದೀತೆಂದು ಜೌನ್‌ಪುರದಲ್ಲಿ. ಹೊಸ ಹೆಸರು ನೆಹೆಮಾಯ. ಇಂಥ ಸುದ್ದಿಗೆ ಊರು ಹೇಗೆ ಕುದಿಯುತ್ತಿತ್ತೆಂದು ತಿಳಿಯಲು ಕಾಶಿಯವರೆಗೂ ಹೋಗಬೇಕಾಗಿಲ್ಲ. ನಾಲ್ಕೇ ವರ್ಷದ ಹಿಂದೆ, 1844ರಲ್ಲಿ, ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಶಾಲೆಯ ಸಾರಸ್ವತ ಹುಡುಗ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಪೇಟೆಯೇ ಎದ್ದು ನಿಂತಿತ್ತು. ಗೋರೆಯವರ ಹೆಂಡತಿ ಲಕ್ಷ್ಮೀಬಾಯಿ ಆಮೇಲೆ ಗಂಡನ ಹತ್ತಿರ ಬಂದರು, ಅವರೂ ದೀಕ್ಷೆ ಪಡೆದರು. 1853ರಲ್ಲಿ ಒಬ್ಬ ಮಗಳು ಹುಟ್ಟಿ, ಸ್ವಲ್ಪ ಕಾಲದಲ್ಲೇ ತಾಯಿ ತೀರಿಕೊಂಡರು. ಎಲೆನ್ ಲಕ್ಷ್ಮಿ ಎಂಬ ಆ ಕೂಸು ಬೇರೆಯವರ ಮನೆಯಲ್ಲಿ, ಮುಂದೆ ಇಂಗ್ಲೆಂಡಿನಲ್ಲಿ ಬೆಳೆಯಿತು.

1854ರಲ್ಲಿ ಗೋರೆಯವರು ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ ಸಿಂಗನ ಜೊತೆ ಪಂಡಿತರಾಗಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಅವರನ್ನು ಕಂಡ ಮ್ಯಾಕ್ಸ್ ಮುಲ್ಲರ್ ಬಹಳ ವರ್ಷಗಳ ಮೇಲೆ ತನ್ನ ಭಾರತೀಯ ಮಿತ್ರರ ನೆನಪು ಬರೆಯುವಾಗ ಇವರ ಸಂಗತಿಯನ್ನೂ ಬರೆದಿದ್ದಾನೆ. ಗೋರೆಯವರು ತೀರಾ ಕಂಗಾಲಾಗಿದ್ದರಂತೆ. ಪರ್ವತ ಪ್ರಸಂಗದ ಪ್ರಕಾರ ಬದುಕುವ ಒಂದು ದೇಶವನ್ನು ನೋಡುತ್ತೇನೆಂದು ಹೋದವರಿಗೆ ಕಂಡದ್ದು ಲಂಡನ್ ಪಟ್ಟಣ. ಮಿಶನರಿ ಕಾಲೇಜಿನಲ್ಲಿ ಕಲಿಸಿದ್ದು ಒಣ ವಾದಗಳ ಪುಸ್ತಕ. ಇದೇ ಕ್ರೈಸ್ತಧರ್ಮವಾದರೆ ವಾಪಸು ಹೋಗಿ ಮತ್ತೆ ಹಿಂದುವಾಗಿಬಿಡುತ್ತೇನೆ ಅನ್ನುವ ಮಟ್ಟಕ್ಕೆ ಬಂದಿದ್ದರು. ಯೋಚಿಸಿ ನೋಡಿ, ಮನೆ, ಜಾತಿ, ಕಾಶಿ ಎಲ್ಲ ಬಿಟ್ಟಾಗಿದೆ, ಹೆಂಡತಿ ಸತ್ತಿದ್ದಾಳೆ, ನಂಬಿ ಬಂದ ಮಾತು ಆ ಮಾತನ್ನು ತಂದವರ ಊರಲ್ಲೇ ಕಾಣುತ್ತಿಲ್ಲ.

ಆದರೂ ಹಿಂದುವಾಗಿ ಮರಳಲಿಲ್ಲ. 1855ರಲ್ಲಿ ಭಾರತಕ್ಕೆ ಬಂದು, 1860ರಲ್ಲಿ ‘ಷಡ್ದರ್ಶನ ದರ್ಪಣ’ ಎಂಬ ಹಿಂದಿ ಗ್ರಂಥ ಬರೆದು ತಾವೇ ಕಲಿತ ದರ್ಶನಗಳನ್ನು ಖಂಡಿಸಿದರು. 1870ರಲ್ಲಿ ಪಾದ್ರಿಯಾದರು. ಕೌಲಿ ಎಂಬ ಆಂಗ್ಲಿಕನ್ ಸಂನ್ಯಾಸಿ ಸಂಘಕ್ಕೆ ಸೇರಿ, ಪೂರ್ಣ ವ್ರತ ಮಾತ್ರ ಕೊನೆಗೂ ತೆಗೆದುಕೊಳ್ಳಲಿಲ್ಲ. ಉಡುಗೆ ತೊಡುಗೆ ಊಟ ಎಲ್ಲದರಲ್ಲೂ ವೈರಾಗ್ಯ. ಮನಸ್ಸಿನಲ್ಲಿ ಮಾತ್ರ ಸಂದೇಹದ ಹುಳ ಸಾಯಲೇ ಇಲ್ಲ. ವಿಶೇಷವೆಂದರೆ, ನಿತ್ಯನರಕದ ಬಗ್ಗೆ ಜನ ಎತ್ತುವ ಆಕ್ಷೇಪಗಳಿಗೆ ಉತ್ತರವಾಗಿ ಒಂದು ಪುಸ್ತಿಕೆಯನ್ನೇ ಅವರು ಬರೆದರು. ಯಾರ ಆಕ್ಷೇಪ ಅದು? ಅವರು ಹೆಸರಿಸಲಿ ಬಿಡಲಿ, ಎದುರಿಗೆ ಕೂತಿದ್ದವನು ಕಾಶಿಯ ಆ ಇಪ್ಪತ್ತರ ಹುಡುಗ. ಉತ್ತರ ಅವನಿಗೆ ಒಪ್ಪಿಗೆಯಾಯಿತೆಂದು ನನಗೆ ಅನ್ನಿಸುವುದಿಲ್ಲ.

ಬ್ರಹ್ಮಸಮಾಜದವರಿಗೂ ಪುಣೆ ಮುಂಬಯಿಯ ಪ್ರಾರ್ಥನಾಸಮಾಜದವರಿಗೂ ಯೇಸುವಿನ ನೀತಿಯ ಮಾತು ಬಹಳ ಮೆಚ್ಚಿಗೆ. ದೇವಪುತ್ರ, ರಕ್ತ, ನರಕ ಬೇಡ. ನಮ್ಮಲ್ಲೂ ಓದಿದವರ ದಾರಿ ಇದೇ ತಾನೆ? ಗೋರೆಯವರು ಇದಕ್ಕೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಸಿಹಿ ಆರಿಸಿಕೊಂಡು ಕಹಿ ಉಗುಳುವುದು ಅವರ ಜಾಯಮಾನವಲ್ಲ. ನುಂಗಿದರೆ ಪೂರ್ತಿ ನುಂಗಬೇಕು. ಅದೇ ಹೊತ್ತಿಗೆ ಹಿಂದೂಗಳ ಅನನ್ಯಭಕ್ತಿ, ವೈರಾಗ್ಯ, ನಮ್ರತೆ, ಕ್ಷಮೆ ಎಂಬ ಮಾತುಗಳೇ ಕ್ರಿಸ್ತನಿಗೆ ತಮ್ಮನ್ನು ಅಣಿಮಾಡಿದವು ಎಂದೂ ನಂಬಿದ್ದರು.

ಅವರ ಬರಹ ಇನ್ನೊಬ್ಬರನ್ನು ಮುಟ್ಟಿತು, ಅವರು ನಮ್ಮ ಕಡೆಯವರೇ ಅನ್ನಬೇಕು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಇಂಗ್ಲೆಂಡಿನಲ್ಲಿದ್ದಾಗ ಗೋರೆಯವರಿಂದ ಬಂದ ಪತ್ರ ಅವರ ಬುದ್ಧಿಗೆ ಒಪ್ಪಿತು. 1883ರಲ್ಲಿ ದೀಕ್ಷೆ ಪಡೆದರು. ಆದರೆ ಆಕೆ ಗೋರೆಯವರಂತೆ ಎಲ್ಲವನ್ನೂ ನುಂಗಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗಬಾರದು ಅಂತ ತಮ್ಮ ಗುರುಗಳಾದ ಸಂನ್ಯಾಸಿನಿಯರೊಡನೆ ತಕರಾರು ತೆಗೆದ ಹೆಂಗಸು.

ಗೋರೆಯವರು 1895ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ತೀರಿಕೊಂಡರು. ಮಗಳು ಎಲೆನ್ ಲಕ್ಷ್ಮಿ ಇಂಗ್ಲಿಷಿನಲ್ಲಿ ಭಕ್ತಿಗೀತೆಗಳನ್ನು ಬರೆದು ಹೆಸರಾದರು. ಅಪ್ಪನ ಅಂಜಿಕೆ ಯಾವುದೂ ಇಲ್ಲದೆ ಆ ಭಾಷೆ ಅವರಿಗೆ ಹುಟ್ಟಿನಿಂದಲೇ ಬಂದಿತ್ತು. ಇನ್ನು ‘ಶಾಸ್ತ್ರತತ್ತ್ವವಿನಿರ್ಣಯ’. 1951ರಲ್ಲಿ ಸದಾಶಿವ ಕಾತ್ರೆ ಎಂಬ ವಿದ್ವಾಂಸರು ಅದನ್ನು ಸಂಪಾದಿಸಿ ಉಜ್ಜಯಿನಿಯಲ್ಲಿ ಅಚ್ಚು ಹಾಕಿಸಿದರು. ಬರೆದವರು ಕೈಬಿಟ್ಟು ನೂರು ವರ್ಷ ದಾಟಿತ್ತು. ಹುಟ್ಟುಕುರುಡನ ಬಗ್ಗೆ, ಮೂಕಪ್ರಾಣಿಗಳ ಬಗ್ಗೆ ಆ ಹುಡುಗ ಕೇಳಿದ ಪ್ರಶ್ನೆಗಳು ಅದರಲ್ಲಿ ಹಾಗೆಯೇ ಇವೆ.